ಕುಸುಬಿಯವರ ನೆರಳು

ನಮ್ಮೂರಿನಲ್ಲಿ ಹೆಣ್ಣು ನೋಡುವುದು ಬೆಳಗಿನ ಬಿಸಿಲಿನಲ್ಲಿ, ಅಂಗಳದಲ್ಲಿ. ಹುಡುಗಿಯ ಕಡೆಯವರೂ ಹುಡುಗನ ಕಡೆಯವರೂ ಸೂರ್ಯನಿಗೆ ಬೆನ್ನು ಮಾಡಿ ಸಾಲಾಗಿ ನಿಲ್ಲುತ್ತಾರೆ, ಹಿರಿಯರು ನೆಲ ನೋಡುತ್ತಾರೆ. ನೋಡಿ ತಲೆಯಾಡಿಸಿದರೆ ಆಯಿತು. ಉಪ್ಪಿಟ್ಟು, ಚಹಾ, ಮಾತುಕತೆ ಎಲ್ಲ ಆಮೇಲೆ. ಇದಕ್ಕೆ ನಾವು ನೆರಳಶಾಸ್ತ್ರ ಎನ್ನುತ್ತೇವೆ. ಮೋಡ ಮುಚ್ಚಿದರೆ ಶಾಸ್ತ್ರ ಮುಂದಕ್ಕೆ ಹೋಗುತ್ತದೆ, ಮಾಡಿದ ಉಪ್ಪಿಟ್ಟು ಓಣಿಯ ಮಕ್ಕಳ ಪಾಲಾಗುತ್ತದೆ.

ತಲೆಯೊಳಗೆ ಗಡ್ಡೆ ಬೆಳೆಯತೊಡಗಿದವರ ನೆರಳಿನಲ್ಲಿ, ಸರಿಯಾಗಿ ಆ ಜಾಗದಲ್ಲಿ, ಒಂದು ಬೆಳಕಿನ ಚುಕ್ಕೆ ಬೀಳುತ್ತದೆ. ಅದಕ್ಕೆ ಕಾಳು ಎನ್ನುತ್ತೇವೆ. ಮೊದಲು ಜೋಳದಷ್ಟು, ಆಮೇಲೆ ತೊಗರಿಯಷ್ಟು, ಬಿಟ್ಟರೆ ಕಡಲೆಯಷ್ಟು. ದವಾಖಾನೆಗೆ ಹೋಗಿ ಗಡ್ಡೆ ತೆಗೆಸಿಕೊಂಡು ಬಂದರೆ ನೆರಳು ಮತ್ತೆ ತುಂಬಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಜನ ಬರೀ ತಲೆನೋವು ಅಂದುಕೊಂಡು ವರ್ಷಗಟ್ಟಲೆ ಮುಲಾಮು ತಿಕ್ಕಿಕೊಳ್ಳುತ್ತಾರಂತೆ. ಕೇಳಿದರೆ ನಮಗೆ ಪಾಪ ಅನ್ನಿಸುತ್ತದೆ.

ಆದರೆ ಒಂದು ತೊಡಕಿದೆ. ಅವರವರ ಕಾಳು ಅವರವರಿಗೆ ಕಾಣುವುದಿಲ್ಲ. ಇನ್ನೊಬ್ಬರೇ ಹೇಳಬೇಕು. ಕಂಡವರು ಅದೇ ದಿನ, ಹೊತ್ತು ಮುಳುಗುವುದರೊಳಗೆ ಹೇಳಬೇಕೆಂಬುದು ಊರಿನ ಕಟ್ಟಳೆ. ಬಾಯಿ ಬಿಟ್ಟು ಹೇಳುವುದು ಕಷ್ಟವಲ್ಲವೇ. ಅದಕ್ಕೆ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ಹತ್ತಿರ ಹೋಗಿ ನಿಂತು, ನಮ್ಮ ಅಂಗೈಯ ನೆರಳನ್ನು ಅವರ ಕಾಳಿನ ಮೇಲೆ ಇಡುವುದು. ಅಷ್ಟೇ. ಮುಂದಿನದು ಅವರಿಗೆ ತಿಳಿಯುತ್ತದೆ.

ಬಾಳವ್ವನ ಕಾಳು ಕಂಡವಳು ನಾನು. ಕುಸುಬಿಯವರ ಮನೆಯ ಮಾಳಿಗೆ ಓಣಿಯಲ್ಲೇ ದೊಡ್ಡದು, ನಾನು ಹಪ್ಪಳ ಒಣಗಿಸುವುದು ಅಲ್ಲೇ. ಕುಸುಬಿಯವರು ಮೊದಲು ಗಾಣದವರು. ಗಾಣ ನಿಂತು ಎಷ್ಟೋ ವರ್ಷವಾದರೂ ಆ ಮನೆಯ ಗೋಡೆಗೆ ಮೂಗು ಹಚ್ಚಿದರೆ ಈಗಲೂ ಎಣ್ಣೆಯ ವಾಸನೆ ಬರುತ್ತದೆ. ಆ ಗಾಣದ ಕೋಣೆಯಲ್ಲೇ ಬಾಳವ್ವ ರಾತ್ರಿಶಾಲೆ ನಡೆಸುತ್ತಿದ್ದಳು. ಮೊಮ್ಮಕ್ಕಳಿದ್ದ ನಾನು ಅಲ್ಲಿ ಕುಳಿತು ಅಕ್ಷರ ಕಲಿತೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು ನನಗೆ ಗುರು. ನಾನು ‘ಳ’ ಬರೆದರೆ ಅದು ಮಲಗಿಬಿಡುತ್ತಿತ್ತು. ಒಂದು ದಿನವೂ ಅವಳು ಬೇಸರಪಡಲಿಲ್ಲ. “ಇರ್ಲಿ ಕಾಶಕ್ಕಾ, ದಣದೈತಿ ಅದು. ನಾಳಿ ಎಬ್ಬಿಸೂಣು” ಅನ್ನುತ್ತಿದ್ದಳು.

ಅವತ್ತು ಅವಳು ಹಪ್ಪಳ ತಿರುವಿ ಹಾಕಲು ನನ್ನ ಜೊತೆ ಬಗ್ಗಿದ್ದಳು. ಬಿಳಿ ಪಂಚೆಯ ಮೇಲೆ ಅವಳ ನೆರಳು ಬಿದ್ದಿತ್ತು. ಹಪ್ಪಳಗಳ ನಡುವೆ ಏನೋ ಹೊಳೆಯಿತು. ಎಣ್ಣೆಯ ಹನಿ ಇರಬೇಕೆಂದು ಒರೆಸಲು ಹೋದೆ. ಅವಳು ತಲೆ ಆಚೆ ಸರಿಸಿದಳು, ಹನಿಯೂ ಸರಿಯಿತು. ನನ್ನ ಕೈ ಅಲ್ಲೇ ನಿಂತಿತು. ಎದ್ದು, ಅವಳ ಮಗ್ಗುಲಿಗೆ ಹೋಗಿ ಅಂಗೈ ಚಾಚಿದೆ.

ಬಾಳವ್ವ ನನ್ನ ಕೈಯ ನೆರಳನ್ನೇ ನೋಡಿದಳು.

“ಎಷ್ಟೈತಿ ಯಕ್ಕಾ?”

“ತೊಗರಿಯಷ್ಟು.”

“ಹಂಗಾರ ನಿನ್ನೆ ಮೊನ್ನೆ ಬಂದದ್ದಲ್ಲ. ನೀ ಇಷ್ಟು ದಿನ ಏನ್ ನೋಡ್ತಿದ್ದಿ? ಬರೇ ಹಪ್ಪಳನ?”

ಅವಳು ನಗೆಯಾಡುತ್ತಿದ್ದಳು. ಉಳಿದ ಹಪ್ಪಳ ಪೂರ್ತಿ ತಿರುವಿ ಹಾಕಿದಳು. ಆಮೇಲೆ ಮಾಳಿಗೆಯ ಕಟ್ಟೆಗೆ ಒರಗಿ ಕುಳಿತು, “ಕಸ್ತೂರಿ ಶಾಸ್ತ್ರ ಬರೂ ವಾರ ಐತಿ” ಅಂದಳು. ಅಷ್ಟು ಹೇಳುವಾಗ ಮಾತ್ರ ದನಿ ಸಣ್ಣದಾಯಿತು.

ಕಸ್ತೂರಿ ಅವಳ ಒಬ್ಬಳೇ ಮಗಳು, ಅಂಚೆ ಕಚೇರಿಯಲ್ಲಿ ಕೆಲಸ. ಪೇಟೆಯ ಜವಳಿ ಅಂಗಡಿಯವರ ಮಗ ಗುರುನಾಥ ಪಾರ್ಸೆಲ್ಲು ಕಳಿಸಲು ಬರುತ್ತ ಬರುತ್ತ, ಕಳಿಸುವ ಪಾರ್ಸೆಲ್ಲು ಇಲ್ಲದಾಗಲೂ ಬರುತ್ತ, ಇಬ್ಬರಿಗೂ ಮನಸ್ಸು ಕೂಡಿತ್ತು. ಅವನ ಮನೆಯವರು ಒಪ್ಪಿರಲಿಲ್ಲ. ಹುಡುಗಿ ಬೇಡವೆಂದಲ್ಲ, ಕುಸುಬಿಯವರ ರಕ್ತ ಬೇಡವೆಂದು.

ನಮ್ಮೂರಿನಲ್ಲಿ ಯಾರಾದರೂ ತಲೆ ಹಿಡಿದುಕೊಂಡು ಕುಳಿತರೆ, “ಯಾಕೋ, ನೀ ಏನ್ ಕುಸುಬಿಯವರ ಪೈಕಿ ಏನು?” ಎಂದು ಚೇಷ್ಟೆ ಮಾಡುತ್ತಾರೆ. ಬೇರೆ ಮನೆಯವರಿಗೆ ಕಾಳು ಬಿದ್ದರೆ ನೂರು ಕಾರಣ ಹುಟ್ಟುತ್ತವೆ. ಮೊಬೈಲು ಅನ್ನುವವರು, ಟವರು ಅನ್ನುವವರು, ಉತ್ತರಕ್ಕೆ ತಲೆ ಹಾಕಿ ಮಲಗಿದ್ದು ಅನ್ನುವವರು, ಕೂದಲಿಗೆ ಹಚ್ಚಿದ ಬಣ್ಣ ಅನ್ನುವವರು. ಕುಸುಬಿಯವರ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾಳವ್ವನ ಅಣ್ಣ ವಿರೂಪಾಕ್ಷಿಗೆ ಬಿದ್ದಿತ್ತು, ಅಕ್ಕ ನೀಲವ್ವನಿಗೆ ಬಿದ್ದಿತ್ತು, ಕಡೆಯ ತಮ್ಮ ಮಲ್ಲಪ್ಪನಿಗೂ ಬಿದ್ದಿತ್ತು. ಮೂವರೂ ಹೋದರು. ಒಂದೇ ಮನೆಯಲ್ಲಿ ಮೂವರೆಂದರೆ ರಕ್ತವಲ್ಲದೆ ಇನ್ನೇನು? ಅಣ್ಣನಿಗೆ ಬಿದ್ದಾಗಿನಿಂದಲೇ ಬಾಳವ್ವನನ್ನು ಈ ಊರಿನ ಯಾರೂ ಮದುವೆಗೆ ಕೇಳಲಿಲ್ಲ. ಬಸಲಿಂಗಪ್ಪ ಹೊರಗಿನವನು, ಅವನ ಊರಿನಲ್ಲಿ ನೆರಳುಗಳು ಸುಮ್ಮನೆ ಕಪ್ಪಗೆ ಇರುತ್ತವಂತೆ. ಅವನು ಮನೆ ಅಳಿಯನಾಗಿ ಬಂದ. ಈಗ ಆ ರಕ್ತದ ಮಾತು ಮಗಳ ಬಾಗಿಲಿಗೆ ಬಂದು ನಿಂತಿತ್ತು. ಗುರುನಾಥ ಹಟ ಹಿಡಿದದ್ದಕ್ಕೆ ಅವನ ಮನೆಯವರು ಒಂದು ಮಾತಿಗೆ ಬಂದಿದ್ದರು. ಶಾಸ್ತ್ರವಾಗಲಿ, ಸಾಲಿನಲ್ಲಿ ತಾಯಿಯ ನೆರಳೂ ತುಂಬಿದ್ದರೆ ನೋಡೋಣ ಎಂದು. ತುಂಬಿದ ನೆರಳಿಗೆ ಈಗ ತೂತು ಬಿದ್ದಿತ್ತು.

ಮರುದಿನವೇ ಬಸ್ಸು ಹತ್ತಿ ದೊಡ್ಡ ಊರಿನ ದವಾಖಾನೆಗೆ ಹೋದೆವು. ಬಾಳವ್ವ, ಬಸಲಿಂಗಪ್ಪ, ನಾನು. ಸ್ಕ್ಯಾನ್ ಆಯಿತು. ಡಾಕ್ಟರ್ ರೆಹಾನಾ ಎಂಬ ಹೆಣ್ಣುಮಗಳು ನಮ್ಮನ್ನು ಒಳಗೆ ಕರೆದು ಕೂರಿಸಿಕೊಂಡಳು. ನಮ್ಮೂರಿನವರೆಂದು ತಿಳಿದ ಮೇಲೆ ಅವಳು ಕಾಳು ಎಷ್ಟು ದೊಡ್ಡದೆಂದು ಕೇಳಿ, ಸ್ಕ್ಯಾನಿನ ಹಾಳೆಗೆ ಹೊಂದಿಸಿ ನೋಡಿದಳು. ನಕ್ಕು, “ನಿಮ್ಮೂರಿನ ಬಿಸಿಲನ್ನು ಇಲ್ಲಿಗೆ ತರುವಂತಿದ್ದರೆ ನಮ್ಮ ಕೆಲಸ ಎಷ್ಟೋ ಹಗುರಾಗುತ್ತಿತ್ತು” ಅಂದಳು. ಗಡ್ಡೆ ಮೆದುಳಿನದ್ದಲ್ಲ, ಮೆದುಳಿನ ಮೇಲಿನ ಪೊರೆಯದ್ದು ಎಂದಳು. ನಿಧಾನ ಬೆಳೆಯುವಂಥದ್ದು, ತೆಗೆಯಲು ಬರುತ್ತದೆ, ಬಹಳ ದಿನ ಬಿಡುವುದು ಬೇಡ. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಮನೆಯಲ್ಲಿ ಯಾರಿಗಾದರೂ ಇತ್ತೇ. ಮೈಮೇಲೆ ಹಾಲುಚಹಾದ ಬಣ್ಣದ ಮಚ್ಚೆಗಳೇ, ಚರ್ಮದಡಿ ಗಂಟುಗಳೇ. ಚಿಕ್ಕ ವಯಸ್ಸಿಗೇ ಕಿವಿ ಕೇಳದಾದವರುಂಟೇ. ಸಣ್ಣ ವಯಸ್ಸಿನಲ್ಲಿ ಬೇರೆ ಕ್ಯಾನ್ಸರ್ ಆದವರುಂಟೇ. ಬಾಳವ್ವ ಎಲ್ಲಕ್ಕೂ ಯೋಚಿಸಿ ಯೋಚಿಸಿ ಉತ್ತರ ಕೊಟ್ಟಳು.

“ಚಿಕ್ಕವರಿದ್ದಾಗ ತಲೆಗೆ ಕಿರಣದ ಚಿಕಿತ್ಸೆ ಏನಾದರೂ ಆಗಿತ್ತಾ?”

“ಇಲ್ರಿ.”

ಡಾಕ್ಟರು ಬರೆದುಕೊಳ್ಳತೊಡಗಿದಳು. ನನಗೆ ಏನೋ ಕೊರೆಯಿತು.

“ಬಾಳವ್ವಾ, ಸೂರ್ಯಪೆಟಿಗಿ?” ಅಂದೆ.

“ಅದು ಹುಳುಕಡ್ಡಿಗೆ ಅಲ್ಲಾ?”

ಅವಳಿಗೆ ಆಗ ಆರು ವರ್ಷ, ನನಗೆ ಹತ್ತು. ಶಾಲೆಯ ಮಕ್ಕಳ ತಲೆಗೆಲ್ಲ ಹುಳುಕಡ್ಡಿ ಹತ್ತಿ, ಬೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೂದಲು ಉದುರುತ್ತಿದ್ದ ವರ್ಷ. ಎಲ್ಲಿಂದಲೋ ದವಾಖಾನೆಯವರು ಬಂದರು. ಶಾಲೆಯ ಒಂದು ಕೋಣೆಗೆ ಕರೀ ಪರದೆ ಕಟ್ಟಿ, ಒಂದು ಯಂತ್ರ ಇಟ್ಟರು, ಅದಕ್ಕೆ ಮಕ್ಕಳೆಲ್ಲ ಸೂರ್ಯಪೆಟ್ಟಿಗೆ ಅನ್ನುತ್ತಿದ್ದೆವು. ಮಕ್ಕಳ ತಲೆ ಬೋಳಿಸಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಅದರ ಕೆಳಗೆ ಕೂರಿಸುತ್ತಿದ್ದರು. ಬೇರುಸಹಿತ ಕೂದಲು ಉದುರಿ ತುರಿಕೆ ಹೋಯಿತು, ಆಮೇಲೆ ಚೆನ್ನಾಗಿಯೇ ಬೆಳೆಯಿತು. ಊರವರು ಆ ದವಾಖಾನೆಯವರಿಗೆ ಶಾಲು ಹೊದಿಸಿ ಕಳಿಸಿದರು. ನನ್ನನ್ನು ಶಾಲೆಗೆ ಹಾಕಿರಲಿಲ್ಲ. ಕಿಟಕಿಯ ಸರಳು ಹಿಡಿದು ಜೋತುಬಿದ್ದು ಆ ಸಾಲನ್ನೇ ನೋಡುತ್ತಿದ್ದೆ. ಎಲ್ಲ ಬೋಳುತಲೆಗಳೂ ಒಂದೇ ಥರ, ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಗೊತ್ತಾಗುತ್ತಿದ್ದವರು ಕುಸುಬಿಯವರ ಮಕ್ಕಳು ಮಾತ್ರ, ಮೂವರೂ ಕೈ ಕೈ ಹಿಡಿದು ನಿಲ್ಲುತ್ತಿದ್ದರು. ಆಗಿನ ಕಾಲಕ್ಕೆ ಹೆಣ್ಣು ಗಂಡು ಎನ್ನದೆ ಮಕ್ಕಳನ್ನೆಲ್ಲ ಶಾಲೆಗೆ ಕಳಿಸುತ್ತಿದ್ದ ಮನೆ ನಮ್ಮ ಓಣಿಯಲ್ಲಿ ಅದೊಂದೇ. ನನಗೂ ಸೂರ್ಯಪೆಟ್ಟಿಗೆ ಬೇಕೆಂದು ಮನೆಗೆ ಹೋಗಿ ಅತ್ತೆ. ಅವ್ವ ತಲೆಗೆ ಬೇವಿನೆಣ್ಣೆ ಸುರಿದು ಬೆನ್ನಿಗೆ ಎರಡೇಟು ಕೊಟ್ಟಳು.

ಇದನ್ನೆಲ್ಲ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟಳು.

“ಆ ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಹಾಗೆ ಮಾಡುತ್ತಿದ್ದರು. ಹುಳುಕಡ್ಡಿಗೆ ಗುಳಿಗೆ ಇನ್ನೂ ಬಂದಿರಲಿಲ್ಲ. ಒಳ್ಳೆಯದಕ್ಕೇ ಮಾಡಿದರು. ಆ ಕಿರಣ ಬಿದ್ದ ತಲೆಗಳಲ್ಲಿ ಕೆಲವಕ್ಕೆ ಮೂವತ್ತು ನಲವತ್ತು ವರ್ಷವಾದ ಮೇಲೆ ಇಂಥ ಗಡ್ಡೆ ಬರಬಹುದು ಅಂತ ಗೊತ್ತಾಗಿದ್ದು ಆಮೇಲೆ.”

ಬಾಳವ್ವ ಕುರ್ಚಿಯ ತುದಿಗೆ ಬಂದಳು. “ಹಂಗಾರ ನಮ್ಮ ರಕ್ತದ್ದಲ್ರಿ?”

“ಕಿರಣದಿಂದ ಬಂದದ್ದು ಮಗಳಿಗೆ ಇಳಿಯುವುದಿಲ್ಲ.”

“ಅದೇ ಪೆಟಿಗಿ ಅಡಿ ಭಾಳ ಮಂದಿ ಕುಂತಿದ್ರಿ. ಎಲ್ಲಾರಿಗೂ ಯಾಕ ಬರಲಿಲ್ಲ?” ಇದನ್ನು ಕೇಳಿದವಳೂ ಬಾಳವ್ವನೇ. ತನಗೆ ಬೇಕಾದ ಉತ್ತರ ಸಿಕ್ಕ ಮೇಲೂ ಇನ್ನೊಂದು ಪ್ರಶ್ನೆ ಕೇಳುವವರು ಕಡಿಮೆ.

ನನಗೆ ಹಪ್ಪಳ ನೆನಪಾಯಿತು. ಒಂದೇ ಬಿಸಿಲು, ಒಂದೇ ಪಂಚೆ. ಒಂದು ಸೀಳುತ್ತದೆ, ಮಗ್ಗುಲಿನದು ಸೀಳುವುದಿಲ್ಲ. ಹಿಟ್ಟಿನದೋ ಬಿಸಿಲಿನದೋ ಎಂದು ನಾನು ಇವತ್ತಿಗೂ ಹೇಳಲಾರೆ. ಹಾಗೆಂದು ಬಾಯಿಬಿಟ್ಟೆ. ಡಾಕ್ಟರು ತಲೆದೂಗಿದಳು. “ಸ್ವಲ್ಪ ಹಾಗೇ ಅಮ್ಮಾ. ಕೆಲವು ಮನೆತನಗಳಿಗೆ ಕಿರಣ ಹೆಚ್ಚು ನಾಟುತ್ತದೆ ಅನ್ನೋ ಅನುಮಾನ ನಮಗೂ ಇದೆ. ಎರಡೂ ಕೂಡಿ ಆಗಿರಬಹುದು.”

“ಇನ್ನೊಂದ್ರಿ,” ಬಾಳವ್ವ ಅಂದಳು. “ನನ್ನ ಕಡೀ ತಮ್ಮ, ಮಲ್ಲಪ್ಪ. ಅಂವಗೂ ಇತ್ತು. ಅಂವ ಆ ಪೆಟಿಗಿ ಹೋದ ಮ್ಯಾಲೆ ಹುಟ್ಟಿದಾಂವ.”

ಬಸಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಡಾಕ್ಟರು ಮಲ್ಲಪ್ಪನ ಹಳೆಯ ಸ್ಕ್ಯಾನು ಕೇಳಿದಳು. ಇರಲಿಲ್ಲ. ಅವನದು ಯಾವ ಥರದ ಗಡ್ಡೆಯೋ ಎಂದು ತಿಳಿಯದೆ ಏನೂ ಹೇಳಲಾಗದು ಎಂದಳು. ತಲೆಯ ಗಡ್ಡೆ ಬಂದವರಲ್ಲಿ ಹೆಚ್ಚಿನವರಿಗೆ ಯಾಕೆ ಬಂತೆಂದು ಕಾರಣವೇ ಸಿಗುವುದಿಲ್ಲ. ಮನೆತನದಿಂದ ಬರುವುದು ನೂರರಲ್ಲಿ ಐದೋ ಹತ್ತೋ. “ಅದರ ಬೇರೆ ಗುರುತು ನಿಮ್ಮಲ್ಲಿ ಕಾಣೋದಿಲ್ಲ. ಆದರೆ ಇಲ್ಲವೇ ಇಲ್ಲ ಅಂತ ನಾನು ಬರೆದುಕೊಡಲಾರೆ. ಗೊತ್ತಿಲ್ಲ ಅನ್ನೋದೇ ನಿಜ.”

ಬಸ್ಸು ಊರು ಬಿಟ್ಟು ಬಯಲಿಗೆ ಬಿದ್ದ ಮೇಲೆ, ಬಾಳವ್ವ ಡಾಕ್ಟರು ಕೊಟ್ಟ ಹಾಳೆ ಓದುತ್ತಿದ್ದಾಗ, ಬಸಲಿಂಗಪ್ಪ ಬಾಯಿ ತೆರೆದ. ಒಳ್ಳೆಯ ಮನುಷ್ಯ, ಹೆಂಡತಿಯನ್ನು ಕಂಡರೆ ಜೀವ. ನಾನು ಹಿಂದಿನ ಸೀಟಿನಲ್ಲಿದ್ದೆ.

“ಚಲೋ ಆತು. ಶಾಸ್ತ್ರದ ದಿನ ಪೆಟಿಗಿ ಮಾತು ಹೇಳಿಬಿಡು. ಎಲ್ಲಾರೂ ಒಪ್ತಾರ.”

“ಮಲ್ಲ್ಯಾ?” ಅಂದಳು ಬಾಳವ್ವ, ತಮ್ಮನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

“ಅಂವನ್ನೂ ಆ ಸಾಲಿನ್ಯಾಗ ನಿಂದ್ರಿಸು. ಅಂವ ಎಂದು ಹುಟ್ಟಿದ, ಪೆಟಿಗಿ ಎಂದು ಹೋತು, ಯಾರ್ ನೆನಪಿಟ್ಟಾರ? ಸತ್ತಾಂವ ಬಂದು ಇಲ್ಲ ಅಂತಾನೇನು?”

“ಕಾಶಕ್ಕಗ ನೆನಪೈತಿ.”

“ಕಾಶಕ್ಕ ಹೇಳೂದಿಲ್ಲ. ಏನಬೇ?”

ನಾನು ಹೇಳುವುದಿಲ್ಲ ಎಂದೆ. ಹುಡುಗಿಯ ಬಾಳಿನ ಪ್ರಶ್ನೆ, ಸುಮ್ಮನಿದ್ದರೆ ಯಾರ ಗಂಟು ಹೋಗುತ್ತದೆ ಎಂದೂ ಸೇರಿಸಿದೆ. ಬಾಳವ್ವ ಹಾಳೆ ಮಡಚಿ ಕಿಟಕಿಯ ಹೊರಗೆ ನೋಡಿದಳು. ಬಸ್ಸಿನ ನೆರಳು ಹೊಲದ ಮೇಲೆ ನಮ್ಮ ಜೊತೆಯೇ ಓಡುತ್ತಿತ್ತು.

“ನಮ್ಮಣ್ಣಗ ಬಿದ್ದಾಗಿಂದ ಮಂದಿ ರಕ್ತ ರಕ್ತ ಅಂದಾರ,” ಅಂದಳು. “ನನಗ ಸಿಟ್ಟು ಇದ್ದದ್ದು ರಕ್ತ ಅಂದದ್ದಕ್ಕಲ್ಲ. ಇದ್ರೂ ಇರಬಹುದಿತ್ತು ಅದು. ತಮಗ ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರಲ್ಲ, ಅದಕ್ಕ. ಈಗ ನನಗ ಬೇಕಾತು ಅಂತ ನಾನೂ ಹಂಗ ಅನ್ಲೇನು?”

“ಕಸ್ತೂರಿ ಮದುವಿ ಮುರದ್ರ?”

“ಅಕೀದ ಮದುವಿ. ಅಕಿನ್ನ ಕೇಳೂಣು.”

ಕೇಳಿದರು. ನಾನೂ ಅಲ್ಲೇ ಇದ್ದೆ. ಕಸ್ತೂರಿ ಅಂಚೆ ಕಚೇರಿಯಿಂದ ಆಗತಾನೇ ಬಂದು ಕಾಲು ತೊಳೆಯುತ್ತಿದ್ದಳು. ಪೂರ್ತಿ ಕೇಳಿದಳು. ತಾಯಿಯ ತಲೆಯ ಮೇಲೆ ಕೈಯಿಟ್ಟು, ಎಲ್ಲಿದೆ ಎಂದು ಹುಡುಕುವಂತೆ ಬೆರಳಾಡಿಸಿದಳು. “ಸುಳ್ಳು ಹೇಳಿ ಕೊಟ್ರ ನಾ ದಿನಾ ಅದನ್ನ ನೆನಪಿಟಗೊಂಡು ಬಾಳಬೇಕಬೇ. ನನಗ ಮರವು ಭಾಳ” ಅಂದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಹೊರಗೆ ಬರಬಾರದೆಂದು ಬಾಳವ್ವ ರೇಡಿಯೋ ಹಚ್ಚಿದಳು.

ಶಾಸ್ತ್ರದ ದಿನ ಬಿಸಿಲು ಚೊಕ್ಕಟವಾಗಿ ಬಿದ್ದಿತ್ತು. ಜವಳಿಯವರು ಬಂದರು. ಗುರುನಾಥ, ಅವನ ತಂದೆ, ತಾಯಿ ಅನಸೂಯಾ, ಮತ್ತೆ ಕಲ್ಲವ್ವ. ಕಲ್ಲವ್ವ ಗುರುನಾಥನ ತಂದೆಗೆ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ನಿಂತವಳು, ಆ ಮನೆಯಲ್ಲಿ ಅವಳು ಹೂಂ ಅನ್ನದೆ ಒಲೆ ಹತ್ತುವುದಿಲ್ಲ. ನೇರ ಬಂದು ಪಡಸಾಲೆಯ ನೆರಳಿನಲ್ಲಿ ಕಂಬಕ್ಕೆ ಒರಗಿ ಕುಳಿತಳು. ಅವಳಿಗೆ ಬಿಸಿಲು ಆಗಿಬರುವುದಿಲ್ಲ, ಚರ್ಮ ಕೆಂಪಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಈಚೆಗೆ ಯಾವ ಮನೆಯ ಶಾಸ್ತ್ರಕ್ಕೂ ಅವಳು ಅಂಗಳಕ್ಕೆ ಇಳಿಯುತ್ತಿರಲಿಲ್ಲ.

ಓಣಿಯ ಹಿರಿಯರು, ನಾನು, ಗೋಡೆಯ ಬದಿಗೆ ನಿಂತೆವು. ಎಲ್ಲರಿಗಿಂತ ಮೊದಲು ಬಾಳವ್ವ ಬಿಸಿಲಿಗೆ ಹೋಗಿ ನಿಂತಳು. ಅನಸೂಯಾಳ ಕಣ್ಣು ನೆಲಕ್ಕೆ ಹೋಯಿತು. ಸೆರಗು ಬಾಯಿಗೆ ಬಂತು.

“ಗೊತ್ತಿದ್ದೂ ಕರಿಸೀರಲ್ಲ. ನಮ್ಮನ್ನೇನು ಆಟಕ್ಕ ಕರದ್ರೇನು? ನಡೀರಿ, ಮನಿಗೆ ಹೋಗೂಣು.”

“ಗೊತ್ತಿದ್ದೇ ಕರಿಸೇನಿ ತಂಗಿ. ಒಂದು ಮಾತು ಕೇಳಿ ಹೋಗ್ರಿ,” ಎಂದಳು ಬಾಳವ್ವ. ಅವಳ ರಾತ್ರಿಶಾಲೆಯ ದನಿ ಅದು, ಏರಿಸದೆ ಹಿಂದಿನ ಸಾಲಿಗೂ ಕೇಳಿಸುವಂಥದ್ದು. ಪೆಟ್ಟಿಗೆಯ ಮಾತು ಹೇಳಿದಳು. ಪರದೆ, ಸಾಲು, ಬೋಳುತಲೆ. ಅಣ್ಣನೂ ಅಕ್ಕನೂ ತಾನೂ ಅದರ ಕೆಳಗೆ ಕುಳಿತದ್ದು. ಡಾಕ್ಟರು ಹೇಳಿದ್ದು. ಹಾಗೆ ಬಂದದ್ದು ಮಗಳಿಗೆ ಇಳಿಯುವುದಿಲ್ಲವೆಂದು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅನಸೂಯಾಳ ಸೆರಗು ಬಾಯಿಂದ ಕೆಳಗಿಳಿಯಿತು. ಬಸಲಿಂಗಪ್ಪ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಇಲ್ಲಿಗೇ ನಿಲ್ಲಿಸು ತಾಯೀ ಎಂದು ನಾನೂ ಮನಸ್ಸಿನಲ್ಲೇ ಅಂದೆ.

“ಇನ್ನೂ ಐತಿ. ನನ್ನ ತಮ್ಮ ಮಲ್ಲಪ್ಪ ಪೆಟಿಗಿ ಕಂಡಾಂವ ಅಲ್ಲ. ಆಮ್ಯಾಲೆ ಹುಟ್ಟಿದಾಂವ. ಅಂವಗ ಯಾಕ ಬಂತು, ಡಾಕ್ಟ್ರಿಗೂ ಗೊತ್ತಿಲ್ಲ.”

ಅನಸೂಯಾಳ ಸೆರಗು ಮತ್ತೆ ಬಾಯಿಗೆ ಹೋಯಿತು.

“ಹಂಗಾರ ರಕ್ತದಾಗ ಐತೋ ಇಲ್ಲೋ? ಹೌದನ್ರಿ, ಇಲ್ಲನ್ರಿ,” ಅನಸೂಯಾ ಕೇಳಿದಳು. ಅವಳದೂ ತಪ್ಪಲ್ಲ. ಒಬ್ಬನೇ ಮಗ.

“ಹೌದಂದ್ರೂ ಸುಳ್ಳು, ಇಲ್ಲಂದ್ರೂ ಸುಳ್ಳು. ಇರೂದು ಕಡಿಮಿ ಅಂದಾರ. ಅಷ್ಟ ನನಗ ಗೊತ್ತಿರೂದು. ಇನ್ನೊಂದು ಮಾತು, ಇದು ಮದುವಿ ಮಾತಲ್ಲ. ಆ ಸಾಲಿನ್ಯಾಗ ನಾವು ಮೂರ ಮಂದಿ ಇದ್ದಿಲ್ಲ. ಸಾಲಿಗೆ ಹೋಗೂ ಎಲ್ಲಾ ಮಕ್ಕಳಿದ್ರು. ಅವರೆಲ್ಲಾ ಈಗ ಮುದುಕ್ರಾಗ್ಯಾರ. ಯಾರ್ ಯಾರು ಕುಂತಿದ್ರೋ ಅವರು ಬಿಸಲಿಗೆ ಬರ್ರಿ, ನೋಡಿಸಿಕೊಳ್ರಿ. ಇಂಥಾ ಕಾಳು ಹೆಚ್ಚಿನವು ತಗಸಾಕ ಬರ್ತಾವಂತ. ನಮ್ಮಣ್ಣ, ನಮ್ಮಕ್ಕ ಕುಸುಬಿಯವರ ಹಣೇಬರ ಅಂತ ದವಾಖಾನಿಗೇ ಹೋಗಲಿಲ್ಲ. ಹಂಗ ಕುಂದ್ರಬ್ಯಾಡ್ರಿ.”

ಗುರುನಾಥ ಕಸ್ತೂರಿಯ ಕಡೆ ಒಂದು ಹೆಜ್ಜೆ ಇಟ್ಟ, ಅವನ ತಾಯಿ ತೋಳು ಹಿಡಿದಳು. ಹಿಡಿದ ಕೈ ಬಿಗಿಯಾಗಿಯೇನೂ ಇರಲಿಲ್ಲ. ಆಗ ಪಡಸಾಲೆಯಿಂದ ದನಿ ಬಂತು.

“ಅದು ಗುಂಯ್ ಅಂತಿತ್ತಲ್ಲ ಬಾಳವ್ವಾ? ಒಳಗ ತುಂಬಿ ಹುಳ ಇದ್ದಂಗ.”

ಕಲ್ಲವ್ವ ಕಂಬ ಹಿಡಿದು ಎದ್ದಿದ್ದಳು.

“ಹೌದ್ರಿ,” ಅಂದಳು ಬಾಳವ್ವ. “ಅಲುಗಾಡಬ್ಯಾಡ ಅಂತ ಮಣೀ ಮ್ಯಾಲೆ ಕುಂದ್ರಸ್ತಿದ್ರು.”

“ನಾ ಅಲುಗಾಡಿದ್ದಕ್ಕ ನನ್ನ ಎರಡು ಸಲ ಕುಂದ್ರಿಸಿದ್ರು. ಅವತ್ತ ಅಪ್ಪ ಸಾಲಿ ಬಿಡಿಸಿದ.” ಮೆಟ್ಟಿಲ ಅಂಚಿಗೆ ಬಂದು ನಿಂತಳು. ಕೆಳಗೆ ಬಿಸಿಲಿತ್ತು. “ಎರಡು ವರ್ಷಾತು, ಎಡಗಣ್ಣು ಮಬ್ಬಾಗೇತಿ. ಮುಂಜಾನೆ ಎದ್ರ ತಲಿ ಸಿಡೀತೈತಿ. ಇದೇನಂತ ನನಗ ಗೊತ್ತಿತ್ತು. ಯಾರರೇ ಹೇಳಿಬಿಟ್ಟಾರು ಅಂತ ಬಿಸಲಿಗೆ ಬಂದಿಲ್ಲ.”

“ಯಕ್ಕಾ,” ಎಂದು ಅವಳ ತಮ್ಮ ಮುಂದೆ ಬಂದ. ಕೈಯೆತ್ತಿ ಅವನನ್ನು ನಿಲ್ಲಿಸಿ ಕಲ್ಲವ್ವ ಅಂಗಳಕ್ಕೆ ಇಳಿದಳು. ಎರಡು ವರ್ಷದಿಂದ ಕಾಣದಿದ್ದ ಅವಳ ನೆರಳು ಉದ್ದಕ್ಕೆ ನೆಲದ ಮೇಲೆ ಬಿತ್ತು. ಅದರ ಹಣೆಯ ಎಡಕ್ಕೆ, ಕಣ್ಣಿನ ಮೇಲ್ಗಡೆ, ಬೆಳಕು ನಿಂತಿತ್ತು. ಅವಳ ಮನೆಯವರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಬಾಳವ್ವ ನಡೆದು ಹೋಗಿ ಪಕ್ಕದಲ್ಲಿ ನಿಂತು ತನ್ನ ಅಂಗೈಯ ನೆರಳನ್ನು ಅಲ್ಲಿ ಇಟ್ಟಳು.

ಕಲ್ಲವ್ವ ಉಸಿರು ಬಿಟ್ಟಳು. “ಎಷ್ಟೈತಿ? ಕಡ್ಲಿಯಷ್ಟು?”

“ಕಡ್ಲಿಯಷ್ಟ್ರಿ. ನೆನಸಿದ ಕಡ್ಲಿ.”

“ಜವಳಿಯವರ ಮನ್ಯಾಗ ಎಲ್ಲಾ ಒಂದು ಅಳತಿ ಹೆಚ್ಚ,” ಅಂದಳು ಕಲ್ಲವ್ವ. ಗೋಡೆಯ ಬದಿಯಲ್ಲಿ ಯಾರೋ ನಕ್ಕುಬಿಟ್ಟರು. ಅನಸೂಯಾ ಮಾತ್ರ ಅಳುತ್ತಿದ್ದಳು.

“ಈಗ ಏನ್ ಮಾಡೂದ ಯಕ್ಕಾ?” ಎಂದು ಅಳುತ್ತಲೇ ಕೇಳಿದಳು.

“ಏನ್ ಮಾಡೂದು? ನನ್ನ ತಲ್ಯಾಗೂ ಐತಿ. ಗುರುನಾಥ ನನ್ನ ರಕ್ತನೂ ಹೌದು. ನಂದು ಪೆಟಿಗೀದು ಇರಬಹುದು, ನಮ್ಮಪ್ಪಂದೂ ಇರಬಹುದು, ಯಾರಿಗೆ ಗೊತ್ತು? ಇಂಥಾ ಮನಿಗೆ ಹೆಣ್ಣು ಕೊಡ್ತಾರೋ ಇಲ್ಲೋ, ಮೊದಲ ಅವರನ್ನ ಕೇಳು.”

ಎಲ್ಲರೂ ಬಾಳವ್ವನ ಕಡೆ ತಿರುಗಿದರು. ಬಾಳವ್ವ ಮಗಳ ಕಡೆ ತಿರುಗಿದಳು. ಕಸ್ತೂರಿ ಕಣ್ಣೊರೆಸಿಕೊಂಡು, “ಉಪ್ಪಿಟ್ಟು ಆರಿ ಹೊಂಟೈತ್ರಿ. ಒಳಗ ಬರ್ರಿ” ಅಂದಳು.

ಮದುವೆಯನ್ನು ಮುಂದಕ್ಕೆ ಹಾಕಿದರು. ಮೊದಲು ಇಬ್ಬರು ಹೆಂಗಸರೂ ಹೋಗಿ ಬರಬೇಕೆಂದು ಕಲ್ಲವ್ವನ ಅಪ್ಪಣೆಯಾಯಿತು. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು ಹೋದರು, ಕಿಟಕಿಯ ಜಾಗಕ್ಕೆ ಜಗಳವಾಡಿಕೊಂಡೇ. ಬಾಳವ್ವನದು ಸಲೀಸಾಗಿ ಬಂತು. ಕಲ್ಲವ್ವನದು ಕಣ್ಣಿನ ನರಕ್ಕೆ ಹತ್ತಿಕೊಂಡಿತ್ತು. ಡಾಕ್ಟರು ಪೂರ್ತಿ ತೆಗೆಯಲು ಹೋಗಲಿಲ್ಲ, ಎಡಗಣ್ಣು ಮಬ್ಬಾದದ್ದು ಮಬ್ಬಾಗಿಯೇ ಉಳಿಯಿತು. ಅವಳ ನೆರಳಿನಲ್ಲಿ ಈಗಲೂ ರಾಗಿಯಷ್ಟು ಬೆಳಕಿದೆ. ವರ್ಷಕ್ಕೊಮ್ಮೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಮದುವೆಯಲ್ಲಿ ಇಬ್ಬರೂ ಮೊಳಕೆಯೊಡೆದಂಥ ಕೂದಲಿನ ತಲೆಗಳನ್ನು ಮುಚ್ಚಿಕೊಳ್ಳದೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಸೂರ್ಯಪೆಟ್ಟಿಗೆಯ ಸಾಲಿನಲ್ಲಿ ನಿಂತಿದ್ದ ಇನ್ನೂ ಕೆಲವರು ಆಮೇಲೆ ತಾವಾಗಿ ಅಂಗಳಕ್ಕೆ ಬಂದರು. ಹೆಚ್ಚಿನವರ ನೆರಳು ತುಂಬಿಯೇ ಇತ್ತು, ಚಹಾ ಕುಡಿದು ಹೋದರು. ಶಾಲೆಗೆ ಹೋಗದೆ ಇದ್ದದ್ದೇ ಒಳ್ಳೆಯದಾಯಿತು ನೋಡು ಎಂದು ಕೆಲವರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಡಾಕ್ಟರು ಕೊಟ್ಟ ಹಾಳೆಯನ್ನು ಅವತ್ತು ಬಸ್ಸಿನಲ್ಲಿ ಓದಿದವಳು ಬಾಳವ್ವ. ಓದಲು ಬಂದದ್ದರಿಂದ ಗೊತ್ತಿದ್ದದ್ದೆಷ್ಟು, ಗೊತ್ತಿಲ್ಲದ್ದೆಷ್ಟು ಎಂದು ಬೇರೆ ಬೇರೆ ಇಡಲು ಅವಳಿಗೆ ಬಂತು. ನಾನು ಬಹಳ ಜನರನ್ನು ಕಂಡಿದ್ದೇನೆ. ತನಗೆ ನಷ್ಟವಾಗುವ ಕಡೆಗೂ ಆ ಎರಡನ್ನು ಕಲಸದೆ ಇಟ್ಟವಳನ್ನು ಅವಳೊಬ್ಬಳನ್ನೇ ಕಂಡೆ.

ಕಸ್ತೂರಿಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ಮೊದಲ ಸಲ ಬಿಸಿಲಿಗೆ ತರುವ ದಿನ ಓಣಿಗೆ ಓಣಿಯೇ ಕುಸುಬಿಯವರ ಅಂಗಳದಲ್ಲಿ ಸೇರಿತ್ತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಯಾತಕ್ಕೆ ಬಂದಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಬಾಳವ್ವ ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ತಲೆಗಳೆಲ್ಲ ಒಟ್ಟಿಗೆ ನೆಲಕ್ಕೆ ಬಾಗಿದವು, ಅನಸೂಯಾಳದೂ, ಕಲ್ಲವ್ವನದೂ, ನನ್ನದೂ.

“ಅಲ್ಲೇನ್ ಹುಡುಕ್ತೀರಿ?” ಅಂದಳು ಬಾಳವ್ವ. “ತಲಿ ಎತ್ರಿ. ಕೂಸಿನ ಮಾರಿ ನೋಡ್ರಿ ಮೊದಲ.”

ತಲೆ ಎತ್ತಿದೆವು. ಮಗು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನಮ್ಮೆಲ್ಲರ ಮೇಲೂ ಸಿಟ್ಟಿಗೆದ್ದಂತೆ ನೋಡುತ್ತಿತ್ತು. ಮೂಗು ಕಲ್ಲವ್ವನದೇ ಎಂದು ಯಾರೋ ಅಂದರು, ಕಲ್ಲವ್ವ ಬೀಗಿದಳು. ಬಾಳವ್ವ ಮಗುವಿನ ಕುಲಾವಿ ಹಿಂದಕ್ಕೆ ಸರಿಸಿದಳು. ಕಿವಿಗಳೆರಡೂ ಎಲೆಯ ಹಾಗೆ ಹೊರಗೆ ಚಾಚಿಕೊಂಡಿದ್ದವು, ಹಿಂದಿನ ಬಿಸಿಲು ಅವುಗಳಲ್ಲಿ ಕೆಂಪಗೆ ಹಾಯುತ್ತಿತ್ತು.

“ಕಿವಿ ನೋಡ್ರಿ,” ಅಂದಳು, ಊರಿಗೆಲ್ಲ ಕೇಳುವ ಹಾಗೆ. “ಪೂರಾ ನಮ್ಮ ಮಲ್ಲ್ಯಾನವ.”